ಕ್ಯಾಸೆಟ್ಟು ರದ್ದಿಗೆ ಹಾಕಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ಇಪ್ಪತ್ತೆರಡು ವರ್ಷ ವಿಡಿಯೋ ಲೈಬ್ರರಿ ನಡೆಸಿದವನು ನಾನು. ಈಗಲೂ ಸಂತೆಗೆ ಹೋದರೆ ಯಾರಾದರೂ ತಡೆದು ನಿಲ್ಲಿಸುತ್ತಾರೆ. “ಅಣ್ಣಾರ, ಆ ಹಳೇ ಸಿನಿಮಾ ಎಲ್ಲೆರೆ ಸಿಗತೈತೇನ್ರಿ?” ಅಂಗಡಿಯಲ್ಲಿ ಇಲ್ಲ. ಫೋನಿನಲ್ಲೂ ಇಲ್ಲ. ಇದ್ದರೆ ನಿಮ್ಮ ಮನೆಯಲ್ಲೇ ಇದೆ, ಟ್ರಂಕಿನಲ್ಲಿ, ಕೌದಿಗಳ ಕೆಳಗೆ. ಅದಕ್ಕೇ ಕೈಮುಗಿದು ಹೇಳುತ್ತೇನೆ, ಹಳೇ ಕ್ಯಾಸೆಟ್ಟು ರದ್ದಿಗೆ ಹಾಕಬೇಡಿ.

ಯಾಕೆ ಸಿಗೋದಿಲ್ಲ ಅಂದರೆ, ಆಗ ನಮ್ಮ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನಲ್ಲಿ. ನೆಗೆಟಿವ್ ಅಲ್ಲೇ ಲ್ಯಾಬಿನಲ್ಲಿ ಇರುತ್ತಿತ್ತು. ನಿರ್ಮಾಪಕ ಸೋತ, ಲ್ಯಾಬಿನ ಬಾಕಿ ಉಳಿಯಿತು, ಡಬ್ಬಿ ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ಸೆಖೆಗೆ ರೀಲು ಹುಳಿ ವಾಸನೆ ಹೊಡೆದು ಸುರುಟಿಕೊಳ್ಳುತ್ತದೆ. ಕಪ್ಪುಬಿಳುಪು ರೀಲಿನಲ್ಲಿ ಬೆಳ್ಳಿ ಇರುತ್ತದೆ ನೋಡಿ, ಅದರ ಆಸೆಗೆ ತೊಳೆದು ಮುಗಿಸಿದ್ದೂ ಉಂಟು. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ಬಂತು. ತೆಗೆದದ್ದು ಕೊಲ್ಹಾಪುರದಲ್ಲಿ, ನಮ್ಮ ಬೆಳಗಾವಿಯ ಮಗ್ಗುಲಲ್ಲೇ. ಒಂದು ಪ್ರತಿಯೂ ಉಳಿದಿಲ್ಲ.

ಬಿಡುಗಡೆಯಾಗಿ 60 ವರ್ಷ ಕಳೆದರೆ ಸಿನಿಮಾದ ಹಕ್ಕು ಮುಗಿಯುತ್ತದೆ, ಆಮೇಲೆ ಯಾರು ಬೇಕಾದರೂ ಪ್ರತಿ ತೆಗೆಯಬಹುದು ಅನ್ನುತ್ತದೆ ಕಾನೂನು. ಸರಿ. ತೆಗೆಯೋಕೆ ಏನಾದರೂ ಉಳಿದಿರಬೇಕಲ್ವಾ?

ಒಂದು ಪ್ರಸಂಗ ಹೇಳುತ್ತೇನೆ. ಮುಳುಗಡೆ ಕಾಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಮನೆಗಳು ಖಾಲಿಯಾಗಿ ಜನ ನವನಗರಕ್ಕೆ ಹೊರಟಿದ್ದರು. ಹೊಸ ಮನೆಗೆ ಹಳೇ ಸಾಮಾನು ಯಾಕೆ ಅಂತ ಎಲ್ಲವೂ ರದ್ದಿಗೆ. ಒಂದು ದಿನ ರದ್ದಿ ಅಂಗಡಿಯ ತಕ್ಕಡಿಯಲ್ಲಿ ಒಂದು ರಾಶಿ ಕ್ಯಾಸೆಟ್ ಕಂಡೆ. ಒಂದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ಓದಿ ಎದೆ ಧಸಕ್ಕೆಂದಿತು. ನಮ್ಮ ಓಣಿಯ ಅಜ್ಜಿಯೊಬ್ಬರು ವರ್ಷವರ್ಷವೂ ಕೇಳುತ್ತಿದ್ದ ಸಿನಿಮಾ ಅದು! ಹೆಸರು ಇಲ್ಲಿ ಹೇಳೋದಿಲ್ಲ. ಹೇಳಿದರೆ ನಾಳೆಯಿಂದ ನನ್ನ ಮನೆ ಮುಂದೆ ಪಾಳಿ ಹಚ್ಚುತ್ತೀರಿ.

ಅಜ್ಜಿ ಅದನ್ನು ಹೊಸದಾಗಿ ಮದುವೆಯಾದಾಗ ಬನಶಂಕರಿ ಜಾತ್ರೆಯ ಟೆಂಟಿನಲ್ಲಿ ನೋಡಿದ್ದರು. ಪೂರ್ತಿ ಅಲ್ಲ. ಕೊನೆಯ ರೀಲಿಗೆ ಮೊದಲೇ ಅತ್ತೆ ಚಕ್ಕಡಿ ಹೂಡಿಸಿ ಕರೆದುಕೊಂಡು ಹೋದರಂತೆ.

ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಬಿಳಿ ಬೂಸ್ಟು. ಹಾಗೇ ವಿಸಿಆರ್‌ಗೆ ಹಾಕಿದರೆ ಬೂಸ್ಟು ಮಷಿನ್ನಿನ ಹೆಡ್ಡಿಗೆ ಹತ್ತುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೆ. ಐದು ಸ್ಕ್ರೂ ಬಿಚ್ಚಿ ಸುರುಳಿಗಳನ್ನು ಬೇರೆ ಡಬ್ಬಿಗೆ ಹಾಕಿದೆ. ಮೂಗಿಗೆ ಟವೆಲ್ ಕಟ್ಟಿಕೊಂಡು, ಮೆತ್ತನೆ ಬಟ್ಟೆಯ ನಡುವೆ ಟೇಪನ್ನು ಕೈಯಿಂದ ಸುತ್ತುತ್ತಾ ಒರೆಸಿದೆ. ಎರಡು ರಾತ್ರಿ ಹಿಡಿಯಿತು. ಮನೆಯವಳ ಬೈಗುಳ ಬೇರೆ.

ಅಜ್ಜಿಯನ್ನು ಅಂಗಡಿಗೆ ಕರೆಸಿದೆ. ದೂರದರ್ಶನದಲ್ಲಿ ಬಂದಾಗ ಯಾರೋ ರೆಕಾರ್ಡ್ ಮಾಡಿದ್ದ ಪ್ರತಿ. ಗೆರೆ ಗೆರೆ, ಆದರೂ ಮಾತು ಸ್ಪಷ್ಟ. ಎರಡು ತಾಸು ಅಜ್ಜಿ ಕದಲಲಿಲ್ಲ. ಹುಡುಗ ಕಟಕಟೆಯಲ್ಲಿ ನಿಂತಿದ್ದಾನೆ, ಜಡ್ಜು ಕನ್ನಡಕ ತೆಗೆದರು. ಪರದೆ ಜರ್ರ್ ಅಂತು. ನೋಡಿದರೆ ಯಾರದೋ ಮನೆಯ ತೊಟ್ಟಿಲ ಕಾರ್ಯಕ್ರಮ! ಜೋಗುಳ ಹಾಡುವ ಹೆಂಗಸರು, ಗುಗ್ಗರಿ ಹಂಚುವವರು, ಕ್ಯಾಮೆರಾ ಕಡೆಗೇ ಪಿಳಿಪಿಳಿ ನೋಡುವ ಸಫಾರಿ ಸೂಟಿನ ಮಾವ.

ಅಜ್ಜಿ ಸ್ವಲ್ಪ ಹೊತ್ತು ನೋಡಿ ಅಂದರು, “ಕೂಸು ಚಂದ ಐತಿ ಬಿಡು. ಆದ್ರ ಆ ಹುಡುಗಗ ಗಲ್ಲು ಆತೋ ಇಲ್ಲೋ, ತಮ್ಮಾ?”

ನನಗೆ ಏನು ಗೊತ್ತು? ಇಂದಿಗೂ ಗೊತ್ತಿಲ್ಲ. ಬೇರೆ ಪ್ರತಿ ನನಗೆ ಸಿಕ್ಕೇ ಇಲ್ಲ.

ಗಾಜಿನ ಆಚೆಯಿಂದ ಎರಡೇ ನಿಮಿಷ ಅಂತ ಕೈ ತೋರಿಸುತ್ತಿದ್ದಾರೆ. ವಿಸಿಡಿ ಬಗ್ಗೆ ಬರೆದುಕೊಂಡು ಬಂದಿದ್ದೆ, ಅದು ಇರಲಿ. ಕ್ಯಾಸೆಟ್ಟನ್ನು ಪುಸ್ತಕದ ಹಾಗೆ ನಿಲ್ಲಿಸಿ ಇಡಿ, ಒಲೆಯಿಂದ ದೂರ. ಬೇಗ ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಯಾಕಂದರೆ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಜಪಾನ್ ಕಂಪನಿಯೂ 2016ರಲ್ಲೇ ನಿಲ್ಲಿಸಿತು. ರೀಲಿನ ಡಬ್ಬಿ ಸಿಕ್ಕರೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. 1964ರಿಂದ ಅವರಿಗೆ ಅದೇ ಕೆಲಸ. ರದ್ದಿಯವನಿಗೆ ಮಾತ್ರ ಬೇಡ.

ಇನ್ನೊಂದು. ಕ್ಯಾಸೆಟ್ಟಿನ ಬೆನ್ನಿನ ತುದಿಯಲ್ಲಿ ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ. ಅದನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಆಗೋದಿಲ್ಲ. ಅಜ್ಜಿಯ ಸಿನಿಮಾದ್ದನ್ನು ಪುಣ್ಯಾತ್ಮ ಯಾರೋ ಮುರಿದಿಟ್ಟಿದ್ದ. ತೊಟ್ಟಿಲ ಮನೆಯವರು ಆ ಕಿಂಡಿಗೆ ಸೆಲೋಟೇಪು ಅಂಟಿಸಿದ್ದರು. ಇವತ್ತೇ ಟ್ರಂಕು ತೆಗೆಯಿರಿ, ಅಂಥ ಸೆಲೋಟೇಪು ಕಂಡರೆ ಮೊದಲು ಕಿತ್ತು ಹಾಕಿ. ನಮಸ್ಕಾರ.