ವಾಂತಿ ಮಾಡುವ ಮರಿಯ ಬಾಯಿಗೆ ಕಷಾಯ ಸುರಿಯಬೇಡಿ

ನಮಸ್ಕಾರ ಎಲ್ಲರಿಗೂ. ಬಳ್ಳಾರಿಯಿಂದ ಮಾತಾಡುತ್ತಿದ್ದೇನೆ. ಹಿಂದೆ ಕೂಲರ್ ಸದ್ದು ಕೇಳಿಸುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಈ ಬಿಸಿಲಿಗೆ ಅದನ್ನು ಆರಿಸಿದರೆ ಮೇಜಿನ ಕೆಳಗೆ ಮಲಗಿರುವ ನಮ್ಮ ನಾಯಿ ಗುಂಡ ಎದ್ದು ಗಲಾಟೆ ಶುರು ಮಾಡುತ್ತಾನೆ.

ಇವತ್ತು ಬೆಕ್ಕಿನ ಊಟದ ಬಗ್ಗೆ ಹೇಳಬೇಕಿತ್ತು. ಎಲ್ಲ ಬರೆದು ಇಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿದ್ದೇನೆ. ಹೋದ ವಾರದ ವಿಡಿಯೊ ಕೆಳಗೆ ಸಿಂಧನೂರಿನವರೊಬ್ಬರು ರಾತ್ರಿ 11 ಗಂಟೆಗೆ ಒಂದು ಕಮೆಂಟ್ ಹಾಕಿದ್ದಾರೆ. "ಎರಡು ತಿಂಗಳ ನಾಯಿಮರಿ, ಬೆಳಗ್ಗೆಯಿಂದ ವಾಂತಿ, ಈಗ ಭೇದಿಯಲ್ಲಿ ರಕ್ತ ಬರುತ್ತಿದೆ, ಏನು ಕೊಡಲಿ?" ಅದರ ಕೆಳಗೆ ಇನ್ನೊಬ್ಬರು ಉತ್ತರ ಕೊಟ್ಟಿದ್ದಾರೆ. ಆ ಮರಿಯನ್ನು ಕಣ್ಣಿಂದಲೂ ನೋಡದವರು. "ದಾಳಿಂಬೆ ಸಿಪ್ಪೆ ಕಷಾಯ ಮಾಡಿ, ಅರಿಶಿನ ಹಾಕಿ, ಗಂಟೆಗೊಮ್ಮೆ ಬಾಯಿ ತೆರೆದು ಸುರಿಯಿರಿ. ಡಾಕ್ಟರ್ ಹತ್ತಿರ ಹೋದರೆ ಸುಮ್ನೆ ದುಡ್ಡು ದಂಡ." ಅದಕ್ಕೆ 46 ಲೈಕ್. ನಾನು ನೋಡಿದ್ದು ಮರುದಿನ ಬೆಳಗ್ಗೆ. ತಕ್ಷಣ ಬರೆದೆ. ಆ ಸಿಂಧನೂರಿನವರಿಂದ ಇವತ್ತಿನವರೆಗೂ ಉತ್ತರ ಇಲ್ಲ.

ಆ 46 ಜನರಿಗೆ ಹೇಳುತ್ತಿದ್ದೇನೆ. ವಾಂತಿ ಮಾಡುವ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ. ಕಷಾಯ ಬೇಡ, ಮಜ್ಜಿಗೆ ಬೇಡ, ಎಳನೀರೂ ಬೇಡ.

ಎರಡು ತಿಂಗಳ ಮರಿ, ವಾಂತಿ, ರಕ್ತದ ಭೇದಿ, ಅದರ ಜೊತೆ ಒಂದು ಕೆಟ್ಟ ವಾಸನೆ. ಇದನ್ನು ಕೇಳಿದ ಕೂಡಲೇ ಮೊದಲು ನೆನಪಾಗಬೇಕಾದ ಹೆಸರು ಪಾರ್ವೊ. ಇದು 1978ರ ಹೊತ್ತಿಗೆ ಜಗತ್ತಿಗೆ ಗೊತ್ತಾದ, ನಾಯಿಗಳಿಗೆ ತಗಲುವ ವೈರಸ್. ನಮ್ಮ ಅಜ್ಜನ ಅಜ್ಜಿ ಕಾಲದಲ್ಲಿ ಈ ಕಾಯಿಲೆಯೇ ಇರಲಿಲ್ಲ. ಹಾಗಿದ್ದಾಗ ಅದಕ್ಕೆ ಅಜ್ಜಿಯ ಮದ್ದು ಎಲ್ಲಿಂದ ಬಂತು, ಹೇಳಿ?

ಈ ವೈರಸ್ ಏನು ಮಾಡುತ್ತದೆ ಗೊತ್ತಾ? ಕರುಳಿನ ಒಳಪದರ ದಿನದಿನವೂ ಸವೆಯುತ್ತದೆ, ಹೊಸದು ಹುಟ್ಟುತ್ತಲೇ ಇರುತ್ತದೆ. ಆ ಹೊಸ ಪದರ ಹುಟ್ಟಿಸುವ ಜೀವಕೋಶಗಳನ್ನೇ ಪಾರ್ವೊ ಕೊಲ್ಲುತ್ತದೆ. ಹಳೆಯದು ಉದುರುತ್ತದೆ, ಹೊಸದು ಬರುವುದಿಲ್ಲ. ಕರುಳು ಒಳಗಿನಿಂದ ಬೋಳಾಗುತ್ತದೆ. ಕುಡಿದ ನೀರು ಮೈಗೆ ಹತ್ತುವುದಿಲ್ಲ. ಕರುಳಲ್ಲಿರುವ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ. ಅದೇ ಹೊತ್ತಿಗೆ ಬಿಳಿ ರಕ್ತಕಣಗಳೂ ಕುಸಿಯುತ್ತವೆ. ಮರಿ ಸಾಯುವುದು ಹೆಚ್ಚಾಗಿ ನೀರಿನಂಶ ಬತ್ತಿ, ಇಲ್ಲ ರಕ್ತಕ್ಕೆ ಸೋಂಕು ಸೇರಿ. ಚಿಕಿತ್ಸೆ ಇಲ್ಲದೆ ಬಿಟ್ಟರೆ 100 ಮರಿಗಳಲ್ಲಿ ಸುಮಾರು 90 ಹೋಗಿಬಿಡುತ್ತವೆ. ಹೊತ್ತಿಗೆ ಸರಿಯಾಗಿ ಡ್ರಿಪ್ ಸಿಕ್ಕರೆ 70, 80 ಮರಿ ಬದುಕುತ್ತವೆ. ವೈರಸ್ ಸಾಯಿಸುವ ಔಷಧಿ ಕೊಟ್ಟು ಉಳಿಸುವುದಲ್ಲ ಇದು. ನರಕ್ಕೆ ನೀರು, ಉಪ್ಪು, ಸಕ್ಕರೆ ಕೊಡುತ್ತಾರೆ. ವಾಂತಿ ನಿಲ್ಲಲು ಇಂಜೆಕ್ಷನ್, ಸೋಂಕಿಗೆ ಆ್ಯಂಟಿಬಯೋಟಿಕ್. ಅಷ್ಟರಲ್ಲಿ ಮರಿಯ ಮೈ ತಾನೇ ವೈರಸ್ ಜೊತೆ ಗುದ್ದಾಡಿ ಗೆಲ್ಲುತ್ತದೆ. ಗುದ್ದಾಡಲು ಅದಕ್ಕೆ ಐದಾರು ದಿನ ಬೇಕು. ಆ ಐದಾರು ದಿನ ಕೊಡಿಸುವುದು ಡ್ರಿಪ್. ದಾಳಿಂಬೆ ಸಿಪ್ಪೆ ಕೊಡಿಸುವುದಿಲ್ಲ.

ನಾನು ಇದನ್ನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಏಳು ವರ್ಷದ ಹಿಂದೆ ಕೌಲ್ ಬಜಾರಿನ ನಮ್ಮ ಹಳೇ ಮನೆಯಲ್ಲಿ ಚಿನ್ನಿ ಅಂತ ಒಂದು ಮರಿ ಇತ್ತು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಕಿವಿ ಮಡಚಿದ್ದು. ಮೂರು ಕಿಲೊ ಇರಬಹುದು. ಮೇ ತಿಂಗಳು. ಮಧ್ಯಾಹ್ನದಿಂದ ವಾಂತಿ ಶುರುವಾಯಿತು. ನಮ್ಮ ದೊಡ್ಡಪ್ಪ ಊರಲ್ಲಿ ಜೀವನಪೂರ್ತಿ ಎತ್ತುಗಳಿಗೆ ಗೊಟ್ಟ ಹಾಕಿದವರು, ಅಂದರೆ ಬಿದಿರಿನ ಕೊಳವೆಯಿಂದ ಬಾಯಿಗೆ ಮದ್ದು ಸುರಿದವರು. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಅನುಮಾನ ಇಲ್ಲ. ಮಜ್ಜಿಗೆಗೆ ಅರಿಶಿನ, ಮೆಂತ್ಯದ ಪುಡಿ ಕಲಸಿದರು. ಚಿನ್ನಿಯ ಮೂತಿ ಮೇಲೆತ್ತಿ ಹಿಡಿದರು. ನಾನೇ ಚಮಚದಲ್ಲಿ ಸುರಿದೆ. ಅದು ನುಂಗಲಿಲ್ಲ, ಕತ್ತು ಒದರಿತು. ಇನ್ನೂ ಎರಡು ಚಮಚ ಸುರಿದೆ. ಮೂಗಿನಿಂದ ಹಳದಿ ನೊರೆ ಬಂತು. ನೆತ್ತಿಗೆ ಹತ್ತಿದೆ ಅಂದುಕೊಂಡು ಬೆನ್ನು ತಟ್ಟಿದೆವು. ರಾತ್ರಿಯಿಡೀ ಎದೆ ಗೊರಗೊರ ಅನ್ನುತ್ತಿತ್ತು. ಬೆಳಗ್ಗೆ ಕರೆದುಕೊಂಡು ಹೋದಾಗ ಡಾಕ್ಟರ್ ಎದೆಗೆ ಸ್ಟೆತ್ ಇಟ್ಟು, ಏನು ಕುಡಿಸಿದಿರಿ ಅಂತ ಕೇಳಿದರು. ಅಷ್ಟೇ ಕೇಳಿದರು. ಶ್ವಾಸಕೋಶಕ್ಕೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಚಿನ್ನಿ ಇರಲಿಲ್ಲ. ಅವಳನ್ನು ಸುತ್ತಿಕೊಂಡು ಹೋಗಿದ್ದ ಬಿಳಿ ಟವಲ್ ಮನೆಯಲ್ಲಿ ಇನ್ನೂ ಇದೆ. ಎಷ್ಟು ಒಗೆದರೂ ಆ ಅರಿಶಿನದ ಕಲೆ ಹೋಗಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಬಾಯಿಗೆ ಸುರಿಯಬೇಡಿ.

ಈಗ ಕಮೆಂಟಲ್ಲಿ ಬರುವುದು ಗೊತ್ತು. "ಹಸುಗಳಿಗೆ ನಮ್ಮ ಹಿರಿಯರು ಗೊಟ್ಟ ಹಾಕುತ್ತಿರಲಿಲ್ವಾ?" ಹಾಕುತ್ತಿದ್ದರು. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ, ಮುನ್ನೂರು ನಾನ್ನೂರು ಕಿಲೊ ಮೈ. ನಿಮ್ಮ ಮರಿ ಮೂರು ಕಿಲೊ. ಹಸುವಿಗೂ ತಲೆ ಜಾಸ್ತಿ ಮೇಲೆತ್ತಿ ಗೊಟ್ಟ ಹಾಕಿದರೆ ಶ್ವಾಸಕೋಶಕ್ಕೆ ಹೋಗಿ ಸಾಯುತ್ತದೆ, ಯಾವ ಪಶು ವೈದ್ಯರನ್ನಾದರೂ ಕೇಳಿ. ಹಾಗಂತ ನಾಟಿ ಮದ್ದೆಲ್ಲ ಸುಳ್ಳು ಅನ್ನುತ್ತಿಲ್ಲ. ಕೆಚ್ಚಲು ಬಾವಿಗೆ ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವುದನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯೇ ರೈತರಿಗೆ ಹೇಳಿಕೊಡುತ್ತದೆ. ಗಮನಿಸಿ, ಅದು ಹೊರಗೆ ಹಚ್ಚುವುದು. ಉಸಿರಾಡಲು ಒದ್ದಾಡುವ ಮರಿಯ ಗಂಟಲಿಗೆ ಸುರಿಯುವುದಲ್ಲ.

"ನಮ್ಮ ನಾಯಿಗೆ ದಾಳಿಂಬೆ ಸಿಪ್ಪೆಯಿಂದಲೇ ವಾಸಿಯಾಯಿತು." ಆಗಿರುತ್ತದೆ. ಜಾತ್ರೆಯಲ್ಲಿ ಬಿದ್ದ ಮಿರ್ಚಿ ತಿಂದು ಬಂದ ಭೇದಿ ನೀವು ಏನೂ ಕೊಡದಿದ್ದರೂ ಎರಡು ದಿನಕ್ಕೆ ನಿಲ್ಲುತ್ತದೆ. ಅದನ್ನೂ ಪಾರ್ವೊವನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಇನ್ನೊಬ್ಬರು ಬೆಳ್ಳುಳ್ಳಿ ಜಜ್ಜಿ ಕೊಡಿ, ಹೊಟ್ಟೆಹುಳ ಸಾಯುತ್ತವೆ ಅಂತ ಬರೆದಿದ್ದಾರೆ. ದಯವಿಟ್ಟು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮೊದಲೇ ಕೆಳಗಿನಿಂದ ರಕ್ತ ಹೋಗುತ್ತಿರುವ ಮರಿಗೆ ಇದ್ದಬದ್ದ ರಕ್ತವನ್ನೂ ಕಳೆಯುತ್ತೀರಾ? ನಮ್ಮ ಕಡೆ ಬೆಳಗ್ಗೆ ಉಳಿದ ವಗ್ಗಾಣಿಯನ್ನು, ಅಂದರೆ ಮಂಡಕ್ಕಿ ಒಗ್ಗರಣೆಯನ್ನು, ನಾಯಿಗೆ ಹಾಕುವ ಅಭ್ಯಾಸ ಇದೆ. ಅದರಲ್ಲೂ ಈರುಳ್ಳಿ ಇರುತ್ತದೆ, ನೆನಪಿಡಿ. ಹಾಲೂ ಬೇಡ, ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಮನುಷ್ಯರ ಜ್ವರದ ಮಾತ್ರೆ ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೂ ವಿಷ.

ದೊಡ್ಡ ನಾಯಿ ಇಟ್ಟುಕೊಂಡವರು ಒಂದು ನಿಮಿಷ ಕೇಳಿ. ಹೊಟ್ಟೆ ತಮಟೆ ಹಾಗೆ ಬಿಗಿದಿದೆ, ವಾಂತಿ ಮಾಡಲು ಒದ್ದಾಡುತ್ತಿದೆ, ಏನೂ ಬರುತ್ತಿಲ್ಲ. ಅದನ್ನು ಗ್ಯಾಸ್ ಅಂದುಕೊಂಡು ಇಂಗಿನ ನೀರು ಕುಡಿಸುತ್ತಾ ಕೂರಬೇಡಿ. ಒಳಗೆ ಜಠರ ತಿರುಚಿಕೊಂಡಿರಬಹುದು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಕಾರ್ ತೆಗೆಯಿರಿ, ಅಷ್ಟೇ.

ಮನೆಮದ್ದಿಗೆ ಜಾಗ ಇಲ್ವಾ? ಇದೆ. ಈ ಗುಂಡನನ್ನೇ ನೋಡಿ. ಜೀನ್ಸ್ ಹೊಲಿಯುವ ಒಂದು ಯೂನಿಟ್ ಹಿಂದೆ ನೀಲಿ ಚಿಂದಿಯ ರಾಶಿ ಮೇಲೆ ಬಿದ್ದಿದ್ದ. ಪಾರ್ವೊ. ಕತ್ತಿನ ಹಿಂದಿನ ಚರ್ಮ ಎಳೆದು ಬಿಟ್ಟರೆ ಗುಡಾರದ ಬಟ್ಟೆ ಹಾಗೆ ಎದ್ದೇ ನಿಲ್ಲುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ. ಒಸಡು ಬಿಳಿಚಿಕೊಂಡು ಬೆರಳಿಗೆ ಅಂಟುತ್ತಿತ್ತು. ನೀರಿನಂಶ ಬತ್ತಿದೆ ಅನ್ನುವುದಕ್ಕೆ ಇವೆರಡೇ ಗುರುತು ಸಾಕು. ಐದು ದಿನ ಡ್ರಿಪ್. ಮನೆಯಲ್ಲಿ ಕಿಟಕಿ ಸರಳಿಗೆ ಜೀನ್ಸ್ ಚಿಂದಿಯಿಂದಲೇ ಬಾಟಲಿ ಕಟ್ಟಿದ್ದೆವು. ವಾಂತಿ ನಿಂತ ಮೇಲೆ, ಡಾಕ್ಟರ್ ಹೂಂ ಅಂದ ಮೇಲೆ, ಗಂಗಾವತಿ ಅಕ್ಕಿಯ ಗಂಜಿ. ಉಪ್ಪಿಲ್ಲ, ಒಗ್ಗರಣೆ ಇಲ್ಲ, ಅಕ್ಕಿ ಕರಗುವ ಹಾಗೆ ಬೇಯಿಸಿದ್ದು. ಬೆರಳಿಗೆ ಹಚ್ಚಿ ಮೂಗಿನ ಮುಂದೆ ಹಿಡಿದೆ. ಗುಂಡ ತಾನೇ ನಾಲಿಗೆ ಚಾಚಿ ನೆಕ್ಕಿದ. ಎರಡು ಗಂಟೆಗೊಮ್ಮೆ ಎರಡು ಚಮಚ. ಆಮೇಲೆ ಬೇಯಿಸಿ ಹಿಸುಕಿದ ಸಿಹಿಗುಂಬಳ, ಅದರ ನಾರು ಮಲ ಗಟ್ಟಿಯಾಗಲು ಒಳ್ಳೆಯದು. ಬೇಯಿಸಿದ ಕೋಳಿ, ಎಲುಬು ತೆಗೆದದ್ದು. ಒಂದು ಚಮಚ ಮೊಸರು. ಇದೆಲ್ಲ ನ್ಯಾಚುರಲ್ ಅಲ್ವಾ? ನ್ಯಾಚುರಲ್ಲೇ. ಆದರೆ ಡ್ರಿಪ್ ಆದ ಮೇಲೆ.

ಕರುಳಿಗೆ ಊಟವೇ ಬೇಡ ಅಂತಲೂ ಅಲ್ಲ. ಈಗ ಡಾಕ್ಟರುಗಳು ಪಾರ್ವೊ ಮರಿಗೆ ಮೂಗಿನ ಟ್ಯೂಬಿನಿಂದ ಬೇಗನೇ ಆಹಾರ ಕೊಡಲು ಶುರು ಮಾಡುತ್ತಾರೆ, ಕರುಳು ಬೇಗ ಚೇತರಿಸಿಕೊಳ್ಳುತ್ತದೆ. ಆ ಟ್ಯೂಬ್ ಸರಿಯಾದ ಜಾಗದಲ್ಲಿದೆ ಅಂತ ನೋಡಿಕೊಂಡು ಕೊಡುತ್ತಾರೆ. ನಿಮ್ಮ ಚಮಚಕ್ಕೆ ಹೊಟ್ಟೆ ಯಾವುದು, ಶ್ವಾಸಕೋಶ ಯಾವುದು ಗೊತ್ತಿಲ್ಲ. ಸುರಿಯಬೇಡಿ!

"ಭಾನುವಾರ ರಾತ್ರಿ ನಮ್ಮ ತಾಲ್ಲೂಕಲ್ಲಿ ಡಾಕ್ಟರ್ ಎಲ್ಲಿ ಸಿಗುತ್ತಾರೆ?" ಇದನ್ನು ಒಪ್ಪುತ್ತೇನೆ. ಕಷ್ಟ ಇದೆ. ಆದರೂ ಫೋನ್ ಮಾಡಿ, ಹತ್ತು ಜನಕ್ಕೆ ಮಾಡಿ. ಬಳ್ಳಾರಿ, ರಾಯಚೂರು, ಕೊಪ್ಪಳ, ಎಲ್ಲಿ ಸಿಕ್ಕರೆ ಅಲ್ಲಿಗೆ ಹೊರಡಿ. ದಾರಿಯಲ್ಲಿ ಮರಿಯನ್ನು ಪಕ್ಕಕ್ಕೆ ಮಲಗಿಸಿ, ನೆರಳಲ್ಲಿ ಇಡಿ. ಬಾಯಾರಿ ತಾನಾಗಿ ಒಂದೆರಡು ಹನಿ ನೆಕ್ಕಿದರೆ ನೆಕ್ಕಲಿ. ನೀವು ಬಾಯಿ ಬಿಡಿಸಬೇಡಿ. ಹೊರಡುವ ಮೊದಲು ಕಷಾಯ ಕುದಿಸಲು ಕೂತರೆ ಆ ಒಂದು ಗಂಟೆ ಹೋಯಿತು. ಸಿಪ್ಪೆ ಒಣಗಿಸಿ ಪುಡಿ ಮಾಡಲು ಇನ್ನೊಂದು ಗಂಟೆ. ಆ ಎರಡು ಗಂಟೆ ಮರಿಯದು, ನಿಮ್ಮದಲ್ಲ.

ದುಡ್ಡಿನ ಮಾತು. ಗುಂಡನಿಗೆ ಆದದ್ದು ನಾಲ್ಕು ಸಾವಿರದ ಚಿಲ್ಲರೆ. ಲಸಿಕೆ ಹಾಕಿಸಿದ್ದರೆ ಅಷ್ಟು ಆಗುತ್ತಿರಲಿಲ್ಲ. ಆರರಿಂದ ಎಂಟು ವಾರಕ್ಕೆ ಮೊದಲನೆಯದು, ಆಮೇಲೆ ಮೂರು ನಾಲ್ಕು ವಾರಕ್ಕೊಂದು, 16 ವಾರ ತುಂಬುವವರೆಗೆ. ಒಂದೇ ಇಂಜೆಕ್ಷನ್ ಹಾಕಿಸಿ ಆಯಿತು ಅನ್ನಬೇಡಿ. ಮತ್ತೆ, ಮರಿ ಸತ್ತ ಜಾಗಕ್ಕೆ ಮರುವಾರವೇ ಹೊಸ ಮರಿ ತರಬೇಡಿ. ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಗೋಮೂತ್ರ, ಬೇವಿನ ನೀರು ಚಿಮುಕಿಸಿದರೆ ಹೋಗುವುದಿಲ್ಲ, ಬ್ಲೀಚ್ ಬೇಕು.

ಲಸಿಕೆ ಲೆಕ್ಕದ ಬಗ್ಗೆ ಬೇರೆ ವಿಡಿಯೊ ಇದೆ ನಮ್ಮ ಚಾನೆಲ್ಲಲ್ಲಿ, ನೋಡಿ. ಮುಂದಿನ ಭಾನುವಾರ ಗುಂಡನ ಮೇಲೆಯೇ ಚರ್ಮ ಎಳೆದು ನೋಡುವುದು, ಒಸಡು ಒತ್ತಿ ನೋಡುವುದು ತೋರಿಸುತ್ತೇನೆ. ಸಬ್‌ಸ್ಕ್ರೈಬ್ ಮಾಡಿ, ಪಕ್ಕದ ಗಂಟೆ ಒತ್ತಿ. ಈ ವಿಡಿಯೊವನ್ನು ನಿಮ್ಮ ಓಣಿಯ ವಾಟ್ಸಾಪ್ ಗ್ರೂಪಿಗೆ ಹಾಕಿ. ಕಷಾಯದ ಮೆಸೇಜ್ ಎಷ್ಟು ಗ್ರೂಪಿಗೆ ಹೋಗಿದೆಯೋ ಅಷ್ಟಕ್ಕೂ ಇದು ಹೋಗಲಿ.

ಆ 46 ಜನ ಲೈಕ್ ತೆಗೆಯಿರಿ. ಇವತ್ತೇ ತೆಗೆಯಿರಿ. ಇನ್ನೊಬ್ಬರು ರಾತ್ರಿ 11 ಗಂಟೆಗೆ ಮರಿಯನ್ನು ತೊಡೆ ಮೇಲೆ ಇಟ್ಟುಕೊಂಡು ಹುಡುಕುವಾಗ ಮೇಲೆ ಕಾಣುವುದು ಜಾಸ್ತಿ ಲೈಕ್ ಇರುವ ಉತ್ತರ. ಸುರಿಯಬೇಡಿ ಅಂತ ಇನ್ನು ಎಷ್ಟು ಸಲ ಹೇಳಲಿ? ಬಾಯಿಗೆ ಸುರಿಯಬೇಡಿ, ಬಾಯಿಗೆ ಸುರಿಯಬೇಡಿ.

ಸಿಂಧನೂರಿನವರೇ, ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನಾನೂ ಚಮಚ ಹಿಡಿದವಳೇ. ಈ ವಿಡಿಯೊ ನಿಮಗೆ ತಲುಪಿದರೆ ಕೆಳಗೆ ಒಂದು ಸಾಲು ಬರೆಯಿರಿ. ಮರಿ ಹೇಗಿದೆ?