ನದಿಗೆ ಜಾಗ ಬಿಟ್ಟ ಊರು

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಇಂಗ್ಲೆಂಡಿನ ಒಂದು ಸಣ್ಣ ಸಂತೆಯೂರಿನ ವಿಷಯ ಹೇಳುತ್ತೇನೆ. ಹೆಸರು ಟ್ಯೂಕ್ಸ್‌ಬರಿ. ಗ್ಲಾಸ್ಟರ್‌ಶೈರ್‌ನಲ್ಲಿದೆ. ಸೆವರ್ನ್, ಏವನ್ ಎಂಬ ಎರಡು ನದಿಗಳು ಕೂಡುವುದು ಇಲ್ಲೇ. ಈ ಊರಿನ ಬಗ್ಗೆ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಇಲ್ಲಿಯ ಹಳಬರು ನದಿಗೆ ನದಿಯ ಜಾಗ ಬಿಟ್ಟುಕೊಟ್ಟರು.

ಊರಿನ ಮಗ್ಗುಲಲ್ಲೇ ಹ್ಯಾಮ್ ಎಂಬ ಹುಲ್ಲುಗಾವಲಿದೆ. ಸುಮಾರು 175 ಎಕರೆ. ಪೇಟೆಯಿಂದ ನಾಲ್ಕು ಹೆಜ್ಜೆ. ಆದರೂ ಅಲ್ಲಿ ಯಾರೂ ಮನೆ ಕಟ್ಟಲಿಲ್ಲ. ಚಳಿಗಾಲದಲ್ಲಿ ನದಿ ಉಕ್ಕಿದರೆ ನೀರು ಅಲ್ಲಿ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅದೇ ನೆಲದಲ್ಲಿ ಹುಲ್ಲು ಕೊಯ್ಯುತ್ತಾರೆ.

ಹಾಗಾದರೆ ಜನ ಜಾಸ್ತಿಯಾದಾಗ ಏನು ಮಾಡಿದರು? ಇದ್ದ ಮನೆಗಳ ಹಿತ್ತಲಲ್ಲೇ ಇನ್ನಷ್ಟು ಮನೆ ಕಟ್ಟಿಕೊಂಡರು. ಅವುಗಳಿಗೆ ಹೋಗಲು ಓಣಿಗಳಾದವು. ಕೆಲವು ಓಣಿಗಳಲ್ಲಿ ಎದುರಿಗೆ ಒಬ್ಬರು ಬಂದರೆ ನೀವು ಗೋಡೆಗೆ ಒತ್ತಿ ನಿಲ್ಲಬೇಕು, ಅಷ್ಟು ಇಕ್ಕಟ್ಟು. ತಲೆ ಮೇಲೆ ಮರದ ತೊಲೆಗಳು. ಇವತ್ತಿಗೂ ಜನ ಅದರಲ್ಲೇ ಓಡಾಡುತ್ತಾರೆ.

ಈಗ 2007ರ ಜುಲೈಗೆ ಬನ್ನಿ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. 20ನೇ ತಾರೀಕು ಬೆಳಿಗ್ಗೆಯಿಂದ ಮಳೆ ಹಿಡಿಯಿತು. ಎರಡೂ ನದಿಗಳು ತುಂಬಿದವು. ಊರಿಗೆ ಬರುವ ರಸ್ತೆಗಳೆಲ್ಲ ಮುಳುಗಿದವು. ಮೂವರು ಜೀವ ಕಳೆದುಕೊಂಡರು. ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಆಗ ಹೆಲಿಕಾಪ್ಟರ್‌ನಿಂದ ತೆಗೆದ ಫೋಟೊ ಲೋಕವೆಲ್ಲ ನೋಡಿತು: ಸುತ್ತ ಕಂದು ನೀರು, ನಡುವೆ ಎತ್ತರದಲ್ಲಿ ಅಬ್ಬೆ ಎಂಬ, ಹಿಂದೆ ಮಠಕ್ಕೆ ಸೇರಿದ್ದ ಹಳೆಯ ಚರ್ಚು. 1121ರಲ್ಲಿ ಪ್ರತಿಷ್ಠೆಯಾದದ್ದು. ಅದನ್ನು ಕಟ್ಟಿದವರಿಗೆ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಗೊತ್ತಿತ್ತು, ಅಲ್ವಾ?

ಇನ್ನೊಂದು ಕಡೆ ನೋಡಿ. ಊರಾಚೆ ಮೈಥ್ ಎಂಬಲ್ಲಿ ಕುಡಿಯುವ ನೀರು ಶುದ್ಧ ಮಾಡುವ ಘಟಕ ಇದೆ. ಸೆವರ್ನ್ ದಡದಲ್ಲೇ ಇದೆ. ಅದಕ್ಕೂ ನೀರು ನುಗ್ಗಿ ಯಂತ್ರಗಳು ನಿಂತವು. ಸುಮಾರು ಮೂರೂವರೆ ಲಕ್ಷ ಜನರ ನಲ್ಲಿ ಒಣಗಿತು. ಮನೆ ಹೊರಗೆ ಹೊಳೆ, ಒಳಗೆ ಚಹಾ ಕಾಸಲು ನೀರಿಲ್ಲ! ಸೈನಿಕರು ಬಂದು ಬಾಟಲಿ ನೀರು ಹಂಚಿದರು. ಬೀದಿ ಬೀದಿಯಲ್ಲಿ ನೀರಿನ ಟ್ಯಾಂಕ್ ನಿಲ್ಲಿಸಿದರು. ನಲ್ಲಿ ನೀರು ಮತ್ತೆ ಕುಡಿಯುವಂತಾಗಲು ಎರಡು ವಾರಕ್ಕೂ ಜಾಸ್ತಿ ಬೇಕಾಯಿತು. ಇಷ್ಟಾದರೂ ನದಿ ಬಯಲಿನಲ್ಲಿ ಕಟ್ಟಡ ಕಟ್ಟಬಹುದು ಅನ್ನುವವರಿದ್ದಾರೆ. ದಯವಿಟ್ಟು ಆ ಫೋಟೊ ಒಮ್ಮೆ ನೋಡಿ. ನದಿಗೆ ನದಿಯ ಜಾಗ ಬಿಡಲೇಬೇಕು.

ಸಮಯ ಆಗುತ್ತಾ ಬಂತು, ಉಳಿದದ್ದು ಚುಟುಕಾಗಿ. 1471ರ ಮೇ 4ರಂದು ಇಲ್ಲಿ ದೊಡ್ಡ ಯುದ್ಧ ನಡೆದು ರಾಜ ನಾಲ್ಕನೇ ಎಡ್ವರ್ಡ್ ಗೆದ್ದ. ಜುಲೈನಲ್ಲಿ ಜನ ಆ ಕಾಲದ ಉಡುಪು ತೊಟ್ಟು ಆ ಕಾಳಗವನ್ನು ಮತ್ತೆ ಆಡಿ ತೋರಿಸುತ್ತಾರೆ. ಮುಂದೆ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಊರವರು 453 ಪೌಂಡ್ ಕೊಟ್ಟು ಈ ಅಬ್ಬೆ ಉಳಿಸಿಕೊಂಡರು. ಅಕ್ಟೋಬರ್‌ನಲ್ಲಿ ಮಾಪ್ ಜಾತ್ರೆ. ಹಿಂದೆ ಕೂಲಿಯವರು ಅಲ್ಲಿ ನಿಂತು ವರ್ಷದ ಕೆಲಸ ಹುಡುಕುತ್ತಿದ್ದರು. ಈಗ ರಸ್ತೆ ತುಂಬ ತೊಟ್ಟಿಲು, ತಿಂಡಿ ಅಂಗಡಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ರೈಲಿನಲ್ಲೇ ಹೋಗಬಹುದು. ಆಶ್‌ಚರ್ಚ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಊರು ಸುಮಾರು ಎರಡು ಮೈಲಿ. ಓಣಿಗಳನ್ನು ಮಾತ್ರ ತಪ್ಪಿಸಬೇಡಿ. ನಮಸ್ಕಾರ.