ಒಂದೇ ಸುರಂಗದ ನೀರು

ಕೇಳುಗರಿಗೆ ನಮಸ್ಕಾರ.

ಬದಿಯಡ್ಕದ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ದೇವಸ್ಥಾನದ ಬ್ರಹ್ಮಕಲಶದ ಆಮಂತ್ರಣ, ಇವೇ ನನ್ನ ಕೆಲಸ. ಅಂಗಡಿಯ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಇರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಆದರೆ ಹದಿನೈದು ವರ್ಷದ ಹಿಂದೆ ಮಾಡಿಟ್ಟ ಫೈಲುಗಳೆಲ್ಲ ಹಳೆಯ ಕನ್ನಡ ಫಾಂಟುಗಳಲ್ಲಿವೆ. ಆ ಫಾಂಟು ಇಲ್ಲದ ಕಡೆ ತೆರೆದರೆ ಅಕ್ಷರದ ಬದಲು ಗೀಚಿದ ಹಾಗೆ ಏನೇನೋ ಚಿಹ್ನೆ ಕಾಣಿಸುತ್ತದೆ. ಅದಕ್ಕೆ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಹಳೆಯ ವಿಂಡೋಸ್ ಒಂದನ್ನು ಉಳಿಸಿಕೊಂಡಿದ್ದೇನೆ. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್. ಇದನ್ನೇ ವರ್ಚುವಲ್ ಮಷಿನ್ ಅನ್ನುವುದು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ. ಬ್ರಹ್ಮಕಲಶದ ಆಮಂತ್ರಣದ ಕೊನೆಯ ತಿದ್ದುಪಡಿ ನಡೆಯುತ್ತಿತ್ತು. ದೇವಸ್ಥಾನದ ಸಮಿತಿಯವರು ಪಕ್ಕದಲ್ಲೇ ಕೂತಿದ್ದರು. ಇದ್ದಕ್ಕಿದ್ದ ಹಾಗೆ ಫ್ಯಾನು ಜೋರಾಗಿ ಕೂಗತೊಡಗಿತು. ಮೌಸ್ ನಿಂತೇ ಹೋಯಿತು. ಒತ್ತಿದ ಅಕ್ಷರ ಪರದೆಗೆ ಬರಲು ಐದಾರು ಸೆಕೆಂಡು. ಕಾರಣ ಇಷ್ಟೇ. ಒಳಗಿನ ವಿಂಡೋಸ್‌ನಲ್ಲಿ ವೈರಸ್ ಹುಡುಕುವ ಸ್ಕ್ಯಾನ್ ತನ್ನಷ್ಟಕ್ಕೆ ಶುರುವಾಗಿತ್ತು. ನನ್ನ ಪ್ರೊಸೆಸರಿಗೆ ಇರುವುದು 4 ಕೋರ್, ಅಂದರೆ ಒಟ್ಟಿಗೆ ದುಡಿಯಬಲ್ಲ ನಾಲ್ಕು ಘಟಕ. ಆ ನಾಲ್ಕನ್ನೂ ನಾನು ಒಳಗಿನ ಯಂತ್ರಕ್ಕೆ ಕೊಟ್ಟುಬಿಟ್ಟಿದ್ದೆ. ಜಾಸ್ತಿ ಕೊಟ್ಟರೆ ಜಾಸ್ತಿ ಓಡುತ್ತದೆ ಎಂದು ಆಗ ನಂಬಿದ್ದೆ.

ಒಂದೇ ಪ್ರೊಸೆಸರನ್ನು ಒಳಗಿನ ಯಂತ್ರಕ್ಕೂ ಹೊರಗಿನ ಯಂತ್ರಕ್ಕೂ ಹಂಚುವುದು ಹೇಗೆಂದು ಆ ರಾತ್ರಿ ಕೂತು ಸರಿಯಾಗಿ ಓದಿದೆ. ಓದುತ್ತಾ ಹೋದ ಹಾಗೆ ನೆನಪಾದದ್ದು ನಮ್ಮ ಮನೆಯ ಸುರಂಗ.

ನಮ್ಮ ಕಡೆಯವರಿಗೆ ಸುರಂಗ ಅಂದರೆ ಏನೆಂದು ಹೇಳಬೇಕಾಗಿಲ್ಲ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಆ ಓಣಿಯಿಂದ ನೀರು ಸಣ್ಣಗೆ ಹರಿದು ಬಂದು, ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ನಮ್ಮ ತೋಟಕ್ಕೂ ದೊಡ್ಡಪ್ಪನ ತೋಟಕ್ಕೂ ಒಂದೇ ಸುರಂಗ. ಹಿರಿಯರು ಮಾಡಿದ ಕ್ರಮ ಹೀಗಿತ್ತು: ಇಬ್ಬರೂ ಅಡಿಕೆಗೆ ನೀರು ಬಿಡುವ ದಿನ ಅರ್ಧ ಅರ್ಧ. ಒಬ್ಬರಿಗೆ ಬೇಡದ ದಿನ ಇನ್ನೊಬ್ಬರಿಗೆ ಪೂರ್ತಿ. ಇದು ಪಾಲು. ಇನ್ನೊಂದು ರೀತಿಯೂ ಇದೆ. ನೀರು ಹರಿಯುವ ದಂಬೆಯ ಬಾಯಿಗೆ ಇಂತಿಷ್ಟೇ ಅಗಲದ ತೂತು ಇಡುವುದು. ಟ್ಯಾಂಕಿ ತುಂಬಿ ಹೊರಗೆ ಚೆಲ್ಲಿದರೂ ಆ ತೂತಿನಲ್ಲಿ ಹೋದಷ್ಟೇ ನೀರು. ಇದು ಮಿತಿ.

ಪ್ರೊಸೆಸರಿನಲ್ಲೂ ಇವೆರಡೂ ಬೇರೆ ಬೇರೆ. ಹೆಚ್ಚಿನವರು ಇವನ್ನು ಒಂದೇ ಎಂದುಕೊಳ್ಳುತ್ತಾರೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಮೊದಲು ಪಾಲಿನ ವಿಚಾರ. ಲಿನಕ್ಸಿನಲ್ಲಿ ಸಿಗ್ರೂಪ್ ಎಂಬ ವ್ಯವಸ್ಥೆ ಇದೆ, ಓಡುತ್ತಿರುವ ಕೆಲಸಗಳನ್ನು ಗುಂಪು ಮಾಡಿ ಪ್ರೊಸೆಸರನ್ನು ಹಂಚಲು. 2008ರ ಜನವರಿಯಲ್ಲಿ, 2.6.24 ಆವೃತ್ತಿಯ ಕರ್ನೆಲ್‌ಗೆ, ಅಂದರೆ ಲಿನಕ್ಸಿನ ತಿರುಳಿಗೆ, ಅದು ಸೇರಿತು. ಇದರ ಈಗಿನ ರೂಪದಲ್ಲಿ ಪ್ರತಿ ಗುಂಪಿಗೂ ಒಂದು ತೂಕ ಇರುತ್ತದೆ. ನಾವು ಏನೂ ಹೇಳದಿದ್ದರೆ ಅದು 100. ಒಂದು ವರ್ಚುವಲ್ ಮಷಿನ್‌ಗೆ 300, ಇನ್ನೊಂದಕ್ಕೆ 100 ಕೊಟ್ಟೆವು ಅನ್ನಿ. ಎರಡೂ ಒಟ್ಟಿಗೆ ಹಸಿದು ಬಂದಾಗ ಮೊದಲನೆಯದಕ್ಕೆ ನಾಲ್ಕರಲ್ಲಿ ಮೂರು ಪಾಲು, ಎರಡನೆಯದಕ್ಕೆ ಒಂದು. ಮೊದಲನೆಯದು ಸುಮ್ನೆ ಕೂತಿದ್ದರೆ ಎರಡನೆಯದು ಪೂರ್ತಿ ಬಳಸಬಹುದು. ಏನೂ ಹಾಳಾಗುವುದಿಲ್ಲ. ನನಗೆ ಇದೇ ಹೆಚ್ಚು ನ್ಯಾಯ ಅನಿಸುತ್ತದೆ.

ಮಿತಿ ಬಂದದ್ದು ಆಮೇಲೆ, 2012ರ ಜನವರಿಯ 3.2 ಆವೃತ್ತಿಯಲ್ಲಿ. ಪಾಲ್ ಟರ್ನರ್ ಎಂಬವರ ಜೊತೆಗೆ ಭರತ ರಾವ್, ನಿಖಿಲ್ ರಾವ್ ಎಂಬಿಬ್ಬರ ಹೆಸರೂ ಆ ಕೆಲಸದಲ್ಲಿದೆ. ಆ ಹೆಸರುಗಳನ್ನು ಓದಿದಾಗ ನನಗೆ ಖುಷಿಯಾಯಿತು. ಇಲ್ಲಿ ಅಳೆಯುವುದು ಸಮಯವನ್ನು. ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೆ ಒಂದು ಸರದಿ. ಆ ಸರದಿಯಲ್ಲಿ ನಿನಗೆ 50 ಮಿಲಿಸೆಕೆಂಡು ಎಂದರೆ ಅರ್ಧ ಕೋರ್ ಸಿಕ್ಕಿದ ಹಾಗೆ. 200 ಎಂದರೆ ಎರಡು ಕೋರ್. ಕೊಟ್ಟದ್ದು ಮುಗಿದರೆ ಮುಂದಿನ ಸರದಿ ಬರುವ ತನಕ ಕಾಯಬೇಕು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಹೆಚ್ಚಿನವರು ಎಡವುವ ಜಾಗ ಇದು. ಒಳಗಿನ ಯಂತ್ರಕ್ಕೆ 4 ಕೋರ್ ಕೊಟ್ಟಿದ್ದೀರಿ. ಇಡೀ ಯಂತ್ರಕ್ಕೆ ಒಟ್ಟಾಗಿ 100 ಮಿಲಿಸೆಕೆಂಡಿನ ಮಿತಿ ಹಾಕಿದ್ದೀರಿ. ನಾಲ್ಕು ಕೋರ್‌ಗಳೂ ಒಟ್ಟಿಗೆ ದುಡಿದರೆ ಬರೀ 25 ಮಿಲಿಸೆಕೆಂಡಿನಲ್ಲಿ ಎಲ್ಲ ಖರ್ಚು. ಉಳಿದ 75 ಮಿಲಿಸೆಕೆಂಡು ಇಡೀ ಯಂತ್ರ ಕಲ್ಲಿನ ಹಾಗೆ ನಿಂತಿರುತ್ತದೆ. ಹೀಗೆ ಒಂದೊಂದು ಸೆಕೆಂಡಿಗೆ ಹತ್ತು ಸಲ. ಒಟ್ಟು ಸಿಕ್ಕಿದ್ದು ಒಂದೇ ಕೋರಿನಷ್ಟು ಕೆಲಸ, ಅದೂ ಕುಂಟುತ್ತಾ. ಅದರ ಬದಲು ಮೊದಲೇ ಒಂದು ಕೋರ್ ಮಾತ್ರ ಕೊಟ್ಟಿದ್ದರೆ ಅಷ್ಟೇ ಕೆಲಸ ನಿಲ್ಲದೆ ಸಾಗುತ್ತಿತ್ತು. ಹಾಗಾಗಿ ಮಿತಿಯ ಮಾತಿಗೆ ಮೊದಲು ಕೋರುಗಳ ಲೆಕ್ಕ ನೋಡಿ.

ವರ್ಚುವಲ್‌ಬಾಕ್ಸ್ ಬಳಸುವವರಿಗೆ ಇದು ಸುಲಭ. ಯಂತ್ರವನ್ನು ಪೂರ್ತಿ ಆಫ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಪ್ರೊಸೆಸರ್ ತೆರೆಯಿರಿ. ಕೋರುಗಳ ಗೆರೆಯಲ್ಲಿ ಹಸಿರು ಭಾಗ, ಕೆಂಪು ಭಾಗ ಅಂತ ಇರುತ್ತದೆ. ಕೆಂಪಿಗೆ ಹೋಗಬೇಡಿ. ಹಸಿರಿನಲ್ಲೂ ತುದಿಯ ತನಕ ಹೋಗಬೇಡಿ. ಹೊರಗಿನ ಯಂತ್ರಕ್ಕೂ ಜೀವ ಬೇಕು, ಅಲ್ವಾ? ಅದರ ಕೆಳಗೆ ಎಕ್ಸಿಕ್ಯೂಷನ್ ಕ್ಯಾಪ್ ಎಂದಿದೆ. ಅದೇ ಮಿತಿ. 50 ಎಂದಿಟ್ಟರೆ ಒಂದೊಂದು ಕೋರಿನಲ್ಲಿ ಅರ್ಧ. ಇದನ್ನು ತೀರಾ ಕೆಳಗೆ ಇಳಿಸಬೇಡಿ. ಒಳಗಿನ ಯಂತ್ರದ ಸಮಯದ ಲೆಕ್ಕ ತಪ್ಪಬಹುದು ಎಂದು ವರ್ಚುವಲ್‌ಬಾಕ್ಸಿನ ಕೈಪಿಡಿಯೇ ಎಚ್ಚರಿಸುತ್ತದೆ.

ಇನ್ನೊಂದು ಮಾತು. ಇದರಿಂದ ಪ್ರೊಸೆಸರ್ ಮಾತ್ರ ಉಳಿಯುತ್ತದೆ, ರ‍್ಯಾಮ್ ಉಳಿಯುವುದಿಲ್ಲ. ಅದರ ಲೆಕ್ಕ ಬೇರೆ.

ಹಾಗಾದರೆ ಮಿತಿ ಬೇಡವೇ? ಬೇಕಾಗುತ್ತದೆ. ಲ್ಯಾಪ್‌ಟಾಪ್ ಕಾದು ಕೆಂಡವಾಗುವಾಗ ಬೇಕು. ಕರೆಂಟ್ ಹೋಗಿ ಯುಪಿಎಸ್‌ನಲ್ಲಿ ನಡೆಯುವಾಗ ಬೇಕು, ಪ್ರೊಸೆಸರ್ ಹೆಚ್ಚು ದುಡಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ಇಂಟರ್‌ನೆಟ್ ಮೂಲಕ ಇಂಥ ಯಂತ್ರವನ್ನು ಬಾಡಿಗೆಗೆ ಕೊಡುವವರಿಗಂತೂ ಬೇಕೇ ಬೇಕು. ಅಮೆಜಾನ್ 2014ರಲ್ಲಿ ತಂದ ಟಿ2 ಎಂಬ ಬಾಡಿಗೆ ಯಂತ್ರಗಳ ಕ್ರಮ ನನಗೆ ತುಂಬಾ ಹಿಡಿಸಿತು. ಅದರಲ್ಲಿ ಮೈಕ್ರೋ ಎಂಬ ಚಿಕ್ಕ ಯಂತ್ರಕ್ಕೆ ಗಂಟೆಗೆ 6 ಕ್ರೆಡಿಟ್ ಜಮಾ ಆಗುತ್ತದೆ. ಒಂದು ಕ್ರೆಡಿಟ್ ಅಂದರೆ ಒಂದು ಕೋರ್ ಒಂದು ನಿಮಿಷ ಪೂರ್ತಿ ಓಡಬಹುದು. ಅಂದರೆ ಸರಾಸರಿ ನೂರರಲ್ಲಿ ಹತ್ತು. ಸುಮ್ಮನಿದ್ದಾಗ ಕ್ರೆಡಿಟ್ ಸೇರುತ್ತಾ ಹೋಗುತ್ತದೆ, ಕೆಲಸ ಬಂದಾಗ ಅದನ್ನು ಒಮ್ಮೆಲೇ ಬಳಸಬಹುದು. ರಾತ್ರಿಯಿಡೀ ಸುರಂಗದ ನೀರು ಟ್ಯಾಂಕಿಯಲ್ಲಿ ತುಂಬಿ, ಬೆಳಿಗ್ಗೆ ತೋಟಕ್ಕೆ ಒಂದೇ ಸಲ ಬಿಟ್ಟ ಹಾಗೆ.

ಹೀಗೆ ಬಾಡಿಗೆ ಯಂತ್ರದಲ್ಲಿ ವೆಬ್‌ಸೈಟ್ ಇಟ್ಟವರು ನಮ್ಮಲ್ಲೂ ಇದ್ದಾರೆ. ಅದು ಲಿನಕ್ಸ್ ಆಗಿದ್ದು, ಕಾರಣವಿಲ್ಲದೆ ನಿಧಾನವಾದರೆ ಟಾಪ್ ಎಂಬ ಕಮಾಂಡ್ ಕೊಟ್ಟು ನೋಡಿ. ಅದರಲ್ಲಿ ಎಸ್‌ಟಿ ಎಂಬ ಅಂಕಿ ಇರುತ್ತದೆ. ನಿಮ್ಮ ಯಂತ್ರ ಕೆಲಸಕ್ಕೆ ತಯಾರಿದ್ದರೂ ಕೋರ್ ಸಿಗದೆ ಕಾದ ಹೊತ್ತು ಅದು. ಅದು ಯಾವಾಗಲೂ ಜಾಸ್ತಿ ಇದ್ದರೆ ತಪ್ಪು ನಿಮ್ಮ ವೆಬ್‌ಸೈಟಿನದ್ದೇ ಆಗಿರಬೇಕೆಂದಿಲ್ಲ.

ನನ್ನ ಅಂಗಡಿಯಲ್ಲಿ ಈಗ ಒಳಗಿನ ವಿಂಡೋಸ್‌ಗೆ 2 ಕೋರ್. ಕ್ಯಾಪ್ ನೂರರಲ್ಲೇ ಇದೆ, ಮುಟ್ಟಿಲ್ಲ. ಲಿನಕ್ಸಿನ ನೈಸ್ ಎಂಬ ಸೌಲಭ್ಯದಿಂದ ಆ ಯಂತ್ರದ ಸರದಿಯನ್ನು ಸ್ವಲ್ಪ ಹಿಂದೆ ಹಾಕಿದ್ದೇನೆ. ಕಳೆದ ವಾರ ಅದೇ ಸ್ಕ್ಯಾನ್ ಮತ್ತೆ ಶುರುವಾಯಿತು. ನಾನು ಆಗ ಒಂದು ಮದುವೆ ಕಾಗದ ಟೈಪ್ ಮಾಡುತ್ತಿದ್ದೆ. ಸ್ಕ್ಯಾನ್ ಮುಗಿದಿದೆ ಎಂಬ ಸೂಚನೆ ಬಂದ ಮೇಲೆಯೇ ಅದು ನಡೆದಿತ್ತೆಂದು ನನಗೆ ಗೊತ್ತಾದದ್ದು.

ನಮಸ್ಕಾರ.